ಕೆಂಪು ಗುರುತು

ಕ್ಷಯದ ಚಿಕಿತ್ಸೆಗೆ ಬರುವ ನಾವೆಲ್ಲ ಆ ನರ್ಸಮ್ಮನಿಗೆ ಇಟ್ಟ ಹೆಸರು ನುಂಗಕ್ಕ. ಎದುರಿಗೆ ನೀರಿನ ಹೂಜಿ, ನಮ್ಮ ಕಾರ್ಡುಗಳ ಡಬ್ಬಿ, ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ನು. ಮಾತ್ರೆ ಕೈಗೆ ಕೊಟ್ಟು ಕಳಿಸುವ ಪೈಕಿಯವಳಲ್ಲ ಆಕೆ. "ನನ್ ಕಣ್ಮುಂದೆ ನುಂಗು. ಬಾಯಿ ತೋರ್ಸು. ನಾಲ್ಗೆ ಎತ್ತು," ಎಂದು ಕೆನ್ನೆಯ ಮೂಲೆಮೂಲೆಯನ್ನೂ ಜಾಲಾಡಿದ ಮೇಲೆಯೇ ಕಾರ್ಡಿನ ಮೇಲೆ ಗುರುತು. ಎರಡು ತಿಂಗಳಿಗೆ ಕೆಮ್ಮು ನಿಂತು, ಮೈ ತುಂಬಿಕೊಂಡು, "ವಾಸಿ ಆಯ್ತಲ್ಲಕ್ಕಾ" ಎಂದವರ ಗ್ರಹಚಾರ ಬಿಡಿಸುತ್ತಾಳೆ: "ನಿಂತಿರೋದು ಕೆಮ್ಮು, ಕಾಯ್ಲೆ ಅಲ್ಲ. ಆರು ತಿಂಗ್ಳು ಅಂದ್ರೆ ಆರು ತಿಂಗ್ಳು!" ಒಂದು ದಿನ ತಪ್ಪಿಸಿದರೆ ಕೆಲಸದ ಜಾಗದಲ್ಲೇ ಪ್ರತ್ಯಕ್ಷ. ಕ್ಷೌರದಂಗಡಿಯವನೊಬ್ಬ ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಹಿತ್ತಲಿಗೆ ಹೋಗಿ ನುಂಗಿ ಬಂದದ್ದುಂಟು. ಯಾರೆಂದು ಜನ ಕೇಳಿದರೆ "ಇವ್ನ ಚಿಕ್ಕಮ್ಮ" ಎನ್ನುತ್ತಾಳೆ. ಕಾಯಿಲೆಯ ಸುದ್ದಿ ಬಾಯಿ ಬಿಡುವುದಿಲ್ಲ. ಹಾಗಾಗಿ ಅರ್ಧ ಊರಿಗೆ ಆಕೆ ಚಿಕ್ಕಮ್ಮ. ನನ್ನ ಆರನೇ ತಿಂಗಳ ಕೊನೆಯ ದಿನ, "ನಿಮ್ ಮನೆಯವ್ರನ್ನಾದ್ರೂ ನಂಬ್ತೀರಾ ಅಕ್ಕಾ?" ಎಂದು ತಮಾಷೆ ಮಾಡಿದೆ. ಆಕೆ ಡಬ್ಬಿಯ ತಳದಿಂದ ಮಾಸಿದ ಕಾರ್ಡೊಂದನ್ನು ತೆಗೆದು ಮುಂದಿಟ್ಟಳು. ಆರು ತಿಂಗಳೂ ಒಂದು ದಿನ ಬಿಡದೆ ಕೆಂಪು ಗುರುತು. "ನಮ್ಮನೆಯವ್ರದ್ದು. 'ನುಂಗ್ದೆ ಕಣೇ' ಅಂತಿದ್ರು, ನಾನು ಗುರುತು ಹಾಕ್ತಿದ್ದೆ. ಅವ್ರು ಹೋದ್ಮೇಲೆ ಹಾಸಿಗೆ ಕೊಡವಿದೆ. ನಾಲ್ಕು ತಿಂಗ್ಳ ಮಾತ್ರೆ ಅಲ್ಲೇ ಇತ್ತು." ಕಾರ್ಡನ್ನು ಮತ್ತೆ ತಳಕ್ಕೆ ಸೇರಿಸಿ, ನನ್ನ ಕೊನೆಯ ಮಾತ್ರೆಯನ್ನು ಅಂಗೈಗಿಟ್ಟು, ನುಂಗುವವರೆಗೆ ಕಾದು, "ನಾಲ್ಗೆ ಎತ್ತು," ಎಂದಳು.