ಓದಿಸಿದ ಸಕ್ಕರೆ

ಗಲ್ಫಿನ ಗೋದಾಮಿನಲ್ಲಿ ದುಡಿಯುವಾಗ ಕಲಿತ ಅರಬ್ಬಿಯನ್ನು ಚಿಕ್ಕಜಾಜೂರಿಗೆ ವಾಪಸಾದ ಮೇಲೂ ನಾನು ಬಿಡಲಿಲ್ಲ. ಸ್ಟೇಷನ್ ಹತ್ತಿರ ಚಿಕ್ಕ ಅಂಗಡಿ, ಗಿರಾಕಿ ಇಲ್ಲದಾಗ ಅನುವಾದ. ಈಗಿನ ಅರಬ್ಬಿ ಕವಿಗಳಲ್ಲಿ ಸೂಫಿ ಧಾಟಿ ಕಂಡರೆ ನನಗೆ ಹುಚ್ಚು. ಹಳೆಯ ಸೂಫಿಗೆ ಕೊನೆಗಾದರೂ ಪ್ರಿಯತಮ ಸಿಗುತ್ತಿದ್ದ. ಇವರಿಗೆ ಸಿಗುವುದಿಲ್ಲ. ಬಾಂಬು ಬಿದ್ದ ಊರಲ್ಲಿ ನಿಂತು, ಮಧು, ದೀಪ, ವಿರಹ ಎಂಬ ಅದೇ ಹಳೆಯ ಮಾತುಗಳಲ್ಲಿ ಕರೆಯುತ್ತಲೇ ಇರುತ್ತಾರೆ. ಕರೆಯುವುದು ದೇವರನ್ನೋ ಕಳೆದುಹೋದ ಮನೆಯನ್ನೋ ಎಂದರೆ ಅವರಿಗೇ ಗೊತ್ತಿರುವುದಿಲ್ಲ.

ಅಂಥ ಒಂದು ಪದ್ಯ ನನ್ನನ್ನು ತಿಂಗಳುಗಟ್ಟಲೆ ಸತಾಯಿಸಿತು. ಕನ್ನಡಕ್ಕೆ ಬಂದರೆ ಬರೀ ಗೋಳಾಟ. ಓದುಗರಿಗೆ ಬೇಸರವಾದೀತೆಂದು ಕೊನೆಯಲ್ಲಿ, ಯಾರೋ ಓಗೊಟ್ಟರು ಎಂಬ ಸಾಲೊಂದನ್ನು ನಾನೇ ಸೇರಿಸಿದ್ದೆ. ಆದರೂ ಸಮಾಧಾನವಿಲ್ಲದೆ, ಕವಿಯೇ ಓದಿದ್ದನ್ನು ಮೊಬೈಲಿನಲ್ಲಿ ಹಾಕಿ ಕೇಳುತ್ತಿದ್ದೆ.

ಅಪ್ಪ ಆಗ ಲಕ್ವ ಹೊಡೆದು ಮಾತು ಕಳೆದುಕೊಂಡು ಒಳಗೆ ಮಲಗಿದ್ದ. ಈ ಗುಡ್ಡದಿಂದ ಆ ಗುಡ್ಡಕ್ಕೆ ಕುರಿಗಳನ್ನು ಕೂಗಿ ಕರೆದ ಗಂಟಲು ಅದು. ಡಾಕ್ಟರು ಕೈಚೆಲ್ಲಿದ್ದರು, ಅವ್ವ ಚೆಲ್ಲಿರಲಿಲ್ಲ. ನಮ್ಮ ಕಡೆ ಕುರಿ ಕಾಯುವವರ ಮನೆಗಳಲ್ಲೂ ಕಷ್ಟ ಬಂದರೆ ದರ್ಗಾಕ್ಕೆ ಸಕ್ಕರೆ ಒಯ್ದು ಓದಿಸುವುದುಂಟು. ದರ್ಗಾ ನೋಡಿಕೊಳ್ಳುವ ಮುಜಾವರರು ಅದರ ಮೇಲೆ ಅರಬ್ಬಿಯಲ್ಲಿ ಓದಿ ಕೊಡುತ್ತಾರೆ, ತಂದು ರೋಗಿಯ ನಾಲಿಗೆಗೆ ಹಾಕಬೇಕು. ಹರಕೆ ಹೊತ್ತವಳೇ ಹೋಗಬೇಕೆಂದು ಅವ್ವನ ಹಟ. ಅಪ್ಪನನ್ನು ಬಿಟ್ಟು ಹೋಗಲೂ ಆಗದು.

ಒಂದು ಗುರುವಾರ ಸಂಜೆ ಮೊಬೈಲಿನಲ್ಲಿ ಪದ್ಯ ನಿಲ್ಲಿಸದೆಯೇ ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಅವ್ವ ತಲೆ ಮೇಲೆ ಸೆರಗು ಹೊದ್ದು ಅದರ ಮುಂದೆ ಕೂತಿದ್ದಾಳೆ. ಊದುಬತ್ತಿ ಹಚ್ಚಿದ್ದಾಳೆ. ಪಕ್ಕದಲ್ಲಿ ಸಕ್ಕರೆಯ ಬಟ್ಟಲು.

ಆ ಕವಿಯೋ ಕುಡುಕ, ದೇವರ ಜೊತೆ ಜಗಳಕ್ಕೆ ನಿಂತವನು. ನಿಜ ಹೇಳಿದರೆ ಅವ್ವನಿಗೆ ಉಳಿದಿದ್ದ ಒಂದೇ ಆಸೆಗೂ ಕಲ್ಲು, ಸುಮ್ಮನಿದ್ದರೆ ಮೋಸ. ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಇದು ದರ್ಗಾದಲ್ಲಿ ಓದುವುದಲ್ಲ, ಬರೀ ಪದ್ಯ ಎಂದುಬಿಟ್ಟೆ.

ಅವ್ವನ ಮುಖ ಇಳಿಯಿತು. ಆದರೂ ಬಟ್ಟಲು ಸರಿಸಲಿಲ್ಲ.

"ಏನಂತ ಐತೆ ಅದ್ರಾಗೆ?"

ಯಾರನ್ನೋ ಕರೆಯುತ್ತಾನೆ, ಅವರು ಓಗೊಡುವುದಿಲ್ಲ ಎಂದೆ.

"ಕರೆಯಾದು ಬಿಟ್ನಾ?"

"ಇಲ್ಲವ್ವ. ಕೊನೀತನಕ ಕರೀತಾನೆ."

"ಹಂಗಾದ್ರೆ ಓದಿದ್ದು ಆತು ಬಿಡು," ಎಂದು ಬಟ್ಟಲು ಹಿಡಿದು ಒಳಗೆ ಹೋದಳು.

ಬಾಗಿಲಲ್ಲಿ ನಿಂತು ನೋಡಿದೆ. ಅಪ್ಪನ ನಾಲಿಗೆಗೆ ಚಿಟಿಕೆ ಸಕ್ಕರೆ ಹಾಕಿ, ದಿನಾ ಕರೆಯುವಂತೆಯೇ ಕರೆದಳು, "ಏನ್ರಿ, ಕೇಳಿಸ್ತೈತಾ?" ಅಪ್ಪ ಸಕ್ಕರೆ ಚಪ್ಪರಿಸಿದ, ಅಷ್ಟೇ. ನನಗೆ ಅಳು ತಡೆಯಲಾಗಲಿಲ್ಲ. ಹೊರಗೆ ಬಂದು, ಪದ್ಯಕ್ಕೆ ಸೇರಿಸಿದ್ದ ಆ ಕೊನೆಯ ಸಾಲನ್ನು ಹೊಡೆದುಹಾಕಿದೆ.

ಒಳಗೆ ಅವ್ವ ಇನ್ನೊಮ್ಮೆ ಕರೆದಳು.