ನಾನು ಪೊರೆ ಅಂದ ದಿನ

ನನ್ನ ತಂಗಿಯ ಬಲಗಣ್ಣು ರೇಷ್ಮೆ ಹುಳುವಿನಿಂದ ಹೋಯಿತು ಎಂದು ಅವಳ ಊರು ಗೌನಿಪಲ್ಲಿ ಕಡೆ ಈಗಲೂ ಹೇಳುತ್ತಾರೆ. ಅದು ಹೋದದ್ದು ನನ್ನ ಒಂದು ಮಾತಿನಿಂದ.

ಅಪ್ಪ ನನ್ನನ್ನು ಕಾನ್ವೆಂಟಿಗೆ ಹಾಕಿದರು. ಅವಳ ಸರದಿ ಬರುವ ಹೊತ್ತಿಗೆ ಅಪ್ಪನೇ ಇರಲಿಲ್ಲ. ಹಾಗಾಗಿ ಮಾತ್ರೆಯ ಚೀಟಿ, ಮೊಮ್ಮಗಳ ಅಡ್ಮಿಷನ್, ಎಲ್ಲಕ್ಕೂ ಅವಳು ಕೋಲಾರದಲ್ಲಿರುವ ನನಗೇ ಫೋನ್ ಮಾಡುತ್ತಿದ್ದಳು. ನನಗೂ ಅದು ಒಳಗೊಳಗೇ ಇಷ್ಟ. ರಿಟೈರ್ ಆದ ಟೀಚರಿಗೆ ಪ್ರಶ್ನೆ ಕೇಳುವವರು ಬೇಕಲ್ಲ.

ಆ ಬೆಳಿಗ್ಗೆಯೂ ಕೇಳಿದಳು. "ಅಕ್ಕಾ, ಬಲಗಣ್ಣಲ್ಲಿ ವೆಲ್ಡಿಂಗ್ ಕಿಡಿ ಹಾರ್ದಂಗೆ ಹಾರ್ತೈತೆ. ರಾಗಿ ಹೊಟ್ಟು ತೂರ್ದಂಗೆ ಕಪ್ಪು ಕಪ್ಪು ಬೇರೆ. ಆಸ್ಪತ್ರೆಗೆ ಹೋಗ್ಬೇಕೇನೆ?"

"ನೋವಿದೆಯಾ?"

"ಇಲ್ಲ."

"ಹಾಗಾದ್ರೆ ಕ್ಯಾಟರಾಕ್ಟ್ ಕಣೇ, ಪೊರೆ. ನಥಿಂಗ್ ಟು ವರಿ. ಹುಳು ಗೂಡು ಕಟ್ಲಿ, ಆಮೇಲೆ ಐ ಕ್ಯಾಂಪ್ ಬಂದಾಗ ಹೋದ್ರಾಯ್ತು."

ಅವಳು ನಕ್ಕಳು. "ಬದುಕಿದೆ ಬಿಡು. ಹುಳು ನಾಲ್ಕನೇ ಜ್ವರ ಎದ್ದವೆ. ಈಗ ಆಸ್ಪತ್ರೆ ವಾಸನೆ ಹೊತ್ಕೊಂಡ್ ಬಂದ್ರೆ ನಮ್ಮನೇರು ನನ್ನೇ ಸೊಪ್ಪಿನ ಜೊತೆ ಹೆಚ್ಚಿ ಹಾಕ್ತಾರೆ!"

ಹುಳು ಚರ್ಮ ಬಿಡುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲಿನ ಒಂದು ವಾರ ಹೊರಗಿನವರನ್ನು ಮನೆಯೊಳಗೆ ಬಿಡುವುದಿಲ್ಲ. ಮನೆಯವರು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಹುಳುವಿಗೆ ರೋಗ ತಗಲುತ್ತದೆಂಬ ಭಯ. ನಾನು "ಹೋಗು" ಅಂದಿದ್ದರೆ ಆ ಭಯವನ್ನು ದಾಟುತ್ತಿದ್ದಳು. ಅಕ್ಕ ಹೇಳಿದ್ದಾಳೆ ಎಂದರೆ ಅವಳ ಮನೆಯಲ್ಲಿ ಎದುರಾಡುವವರಿರಲಿಲ್ಲ.

ಏಳನೇ ದಿನ ಮತ್ತೆ ಫೋನ್. ಕಣ್ಣಿನ ಕೆಳಗಿನಿಂದ ಕಪ್ಪು ಪರದೆಯೊಂದು ಏರಿ ಬಂದು, ಎದುರಿಗಿದ್ದವರ ಮುಖವೇ ಕಾಣುತ್ತಿಲ್ಲವಂತೆ. ನಾನು ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಹೋದೆ. ಅವಳು ಗಂಡನ ಜೊತೆ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿಯ ಡಾಕ್ಟರಮ್ಮ ಟಾರ್ಚ್ ಹಾಕಿ ನೋಡಿ, "ಇದು ಪೊರೆ ಅಲ್ಲಮ್ಮ, ಈಗಲೇ ಕೋಲಾರಕ್ಕೆ ಹೊರಡಿ" ಎಂದು ಚೀಟಿ ಬರೆದರು.

ಕೋಲಾರದ ದೊಡ್ಡಾಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ, ತಲೆಗೆ ದೀಪ ಕಟ್ಟಿಕೊಂಡ ಡಾಕ್ಟರು ಬಹಳ ಹೊತ್ತು ನೋಡಿದರು. "ರೆಟಿನಾ ಕಳಚಿದೆ, ಗೋಡೆಯ ಸುಣ್ಣ ಹಕ್ಕಳೆ ಎದ್ದ ಹಾಗೆ. ನಡುಭಾಗವೂ ಬಿಟ್ಟಿದೆ. ಇದಕ್ಕೆ ಬೆಂಗಳೂರಿಗೇ ಹೋಗಬೇಕು. ಕಿಡಿ ಕಂಡ ದಿನವೇ ಬಂದಿದ್ದರೆ ಲೇಸರ್‌ನಲ್ಲೇ ನಿಲ್ಲಿಸಬಹುದಿತ್ತೇನೋ. ಯಾಕೆ ಬರಲಿಲ್ಲ?"

ತಂಗಿ ನನ್ನ ಕಡೆ ತಿರುಗಲೇ ಇಲ್ಲ. "ಹುಳು ಬಿಟ್ಟು ಬರಕ್ಕಾಗ್ಲಿಲ್ಲ ಸಾರ್," ಅಂದಳು. ಅವಳ ಗಂಡ ತಲೆ ತಗ್ಗಿಸಿದ. ವರ್ಷಗಟ್ಟಲೆ ಮಾರಲ್ ಸೈನ್ಸ್ ಪಾಠ ಮಾಡಿದ ನಾನು ಚೀಟಿ ಮಡಚುತ್ತಾ ನಿಂತೆ.

ಬೆಂಗಳೂರಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕಣ್ಣೊಳಗೆ ಎಣ್ಣೆ ತುಂಬಿ, ಎರಡು ವಾರ ಮಕಾಡೆ ಮಲಗಿರಬೇಕೆಂದರು. ಪಕ್ಕದಲ್ಲಿ ಕೂತು ಹೇಳಿದೆ: "ಪೊರೆ ಅಂದದ್ದು ನಾನೇ ಅಂತ ನಿನ್ನ ಗಂಡನಿಗೆ ಹೇಳಿಬಿಡ್ತೀನಿ ಕಣೇ."

ದಿಂಬಿನೊಳಗಿನಿಂದಲೇ ಉತ್ತರ ಬಂತು. "ಏಂ ಕಾದುಲೇ ಅಕ್ಕಾ, ಏನೂ ಆಗಲ್ಲ, ಸುಮ್ನಿರು. ನೀನೂ ತಪ್ಪು ಹೇಳ್ತೀಯ ಅಂತ ಗೊತ್ತಾದ್ರೆ ನಾಳೆಯಿಂದ ನಿನ್ ಮಾತು ಯಾರ್ ಕೇಳ್ತಾರೆ?"

ಸುಮ್ಮನಿದ್ದೆ. ಸುಮ್ಮನಿರುವುದು ನನಗೂ ಕನ್ವೀನಿಯಂಟ್ ಆಗಿತ್ತು.

ಆ ಕಣ್ಣಿಗೆ ಈಗ ಬೆಳಕು, ಕತ್ತಲೆ ಅಷ್ಟೇ ತಿಳಿಯುತ್ತದೆ. ಕೆಲವು ತಿಂಗಳ ಮೇಲೆ ಅವಳ ಗಂಡ, "ಹೆಂಡ್ತಿ ಕಣ್ಣು ತಿಂದ ಹುಳ ನಮ್ಗೆ ಬ್ಯಾಡ" ಎಂದು ಹಿಪ್ಪುನೇರಳೆ ತೋಟಕ್ಕೆ ಜೆಸಿಬಿ ಕರೆಸಿದ. ಮದುವೆಯಾಗಿ ಬಂದ ವರ್ಷದಿಂದ ಅವಳೇ ಸೊಪ್ಪು ಕೊಯ್ದ ತೋಟ. ಸುದ್ದಿ ತಿಳಿದು ಓಡಿದೆ; ನಾನು ತಲುಪುವಾಗ ಜೆಸಿಬಿ ಗಿಡ ಕೀಳುತ್ತಿತ್ತು. ಬದುವಿನ ಮೇಲೆ ನಿಂತು ಅವನಿಗೆ ಎಲ್ಲ ಹೇಳಿದೆ: ಅವಳು ಕೇಳಿದ್ದು, ನಾನು ಪೊರೆ ಅಂದದ್ದು, ಡಾಕ್ಟರ ಮುಂದೆ ಸುಮ್ಮನಿದ್ದದ್ದು.

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಅವತ್ತೇ ಒಂದ್ ಮಾತು ಅಂದಿದ್ರೆ ಅಕ್ಕಾ..." ಎಂದವನು ಡ್ರೈವರಿಗೆ ಕೈ ತೋರಿಸಿ ಜೆಸಿಬಿ ನಿಲ್ಲಿಸಿದ.

ಜಗಲಿಯಿಂದ ತಂಗಿ ಕೂಗಿದಳು. "ಯಾಕೆ ನಿಂತೋಯ್ತು? ಏನಂದೆ ಅವ್ರಿಗೆ?"

"ಎಲ್ಲ ಹೇಳ್ದೆ."

ಅವಳು ನನ್ನನ್ನು ಬೈಯಲಿಲ್ಲ. ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಒಂದೇ ಕಣ್ಣಿನಲ್ಲಿ ತೋಟ ನೋಡಿದಳು. ಬಾವಿಯ ಕಡೆಯ ಎರಡು ಸಾಲು ಮಾತ್ರ ನಿಂತಿದ್ದವು.

ಎರಡು ಸಾಲಿನ ಸೊಪ್ಪಿನಲ್ಲಿ ಹುಳು ಸಾಕಲಾಗುವುದಿಲ್ಲ. ಕೊಯ್ದು ಮೇಕೆಗೆ ಹಾಕುತ್ತಾಳೆ.