ಕಿಟಕಿಯಾಚೆ ಚಾಚಿದ ಕಾಗದ
ಬೆಂಗಳೂರಿನ ಬಸ್ಸಿಗೆ ವೈದ್ಯನಾಥಪುರದ ಮಾದಯ್ಯ ಹತ್ತಿದನೆಂದರೆ ಕಂಡಕ್ಟರ್ ಶಶಿಧರನಿಗೆ ತಲೆನೋವು. ಟಿಕೆಟ್ ಕೇಳಿದರೆ ಆಸಾಮಿ ಮೊದಲು ಚಾಚುವುದು ಲ್ಯಾಮಿನೇಷನ್ ಮಾಡಿಸಿದ ಲಸಿಕೆಯ ಸರ್ಟಿಫಿಕೇಟು. “ಅದ್ನ ಈಗ ಯಾರ್ ಕೇಳ್ತಾರೆ ಯಜಮಾನ್ರೆ? ಒಳೀಕ್ ಮಡೀಕಳಿ.” “ಒಸಾ ತಳಿ ಬಂದದಂತೆ ಕಣಪ್ಪ. ನಾಳೀಕೇ ರಸ್ತೆ ಮುಚ್ಚುದ್ರೆ?” ಟೀವಿಯಲ್ಲಿ ಕೊರೊನಾದ ಹೊಸ ತಳಿಯ ಸುದ್ದಿ ಬಂದ ಮರುದಿನ ಈತ ಅಂಗಿಯ ತೋಳೇರಿಸಿ ಆರೋಗ್ಯ ಕೇಂದ್ರದ ಬಾಗಿಲಲ್ಲಿ ನಿಂತಿರುತ್ತಾನೆ, ಮೂರು ಸೂಜಿ ಆಗಿದೆ, ಹೋಗಿ ಎಂದು ನರ್ಸು ಗದರುತ್ತಾರೆ. ಯಾರಾದರೂ ಕೆಮ್ಮಿದರೆ ಎರಡು ಸೀಟು ಹಿಂದೆ ಸರಿಯುತ್ತಾನೆ. ತನಗೇ ಕೆಮ್ಮು ಬಂದರೆ ಕಣ್ಣಲ್ಲಿ ನೀರು ಬರುವವರೆಗೂ ತಡೆದುಕೊಳ್ಳುತ್ತಾನೆ. ಜಿಲ್ಲೆಯ ಗಡಿಯ ನಿಡಘಟ್ಟ ಹತ್ತಿರವಾದಂತೆ ಮಾಸ್ಕು ಮೂಗಿಗೇರುತ್ತದೆ. ಕೊರೊನಾ ಕಾಲದ ಚೆಕ್‌ಪೋಸ್ಟನ್ನು ಅಲ್ಲಿಂದ ಎತ್ತಿ ಎಷ್ಟೋ ವರ್ಷವಾಯಿತು. ಆದರೂ ಕಿಟಕಿಯಿಂದ ಕೈ ಚಾಚಿ ಖಾಲಿ ರಸ್ತೆಗೆ ಕಾಗದ ತೋರಿಸುತ್ತಾನೆ. ಕಾಲೇಜು ಹುಡುಗಿಯರು ಮುಸಿಮುಸಿ ನಗುತ್ತಾರೆ, ಅದೇ ಬಸ್ಸಿನಲ್ಲಿ ಓಡಾಡುವ ನಾನೂ ನಕ್ಕವನೇ. ಮೊನ್ನೆ ಪಕ್ಕದಲ್ಲೇ ಕೂತಿದ್ದೆ. ಅವನು ಚಾಚಿದ್ದು ಸರ್ಟಿಫಿಕೇಟಲ್ಲ. ಹೆಂಡತಿ ಹೊಂಬಾಳಮ್ಮನನ್ನು ಕೂಡಲೇ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ ಎಂದು ಲಾಕ್‌ಡೌನಿನ ದಿನಗಳಲ್ಲಿ ಡಾಕ್ಟರು ಬರೆದಿದ್ದ ಚೀಟಿ. ಪ್ಲಾಸ್ಟಿಕ್ಕಿನೊಳಗೆ ಅರಿಶಿನದ ಬೊಟ್ಟು. “ಒಳ್ಳೇದಾಗ್ಲಿ ಅಂತ ದೇವ್ರ್ ಮುಂದೆ ಮಡಗಿ, ಅಲ್ಲೇ ಮರ್ತ್ ಬಂದ್ಬುಟ್ಟೆ. ಇಲ್ಲೇ ಪೋಲೀಸ್ನೋರು ಚೀಟಿ ಇಲ್ದೆ ಬುಡಕಿಲ್ಲ ಅಂದ್ರು. ಅವ್ಳ್ನ ಕಾರಲ್ಲೇ ಬುಟ್ಟು, ಯಾರ್ದೋ ಬೈಕಲ್ಲಿ ಊರಿಗ್ ಓಡ್ದೆ. ತಕಂಡ್ ಬರಗಂಟ ಅವ್ಳು ಕಾಯ್ನಿಲ್ಲ.” ಬಸ್ಸು ನಿಡಘಟ್ಟ ದಾಟಿತು. ಚಾಚಿದ ಕೈಯನ್ನು ಅವನು ಇನ್ನೂ ಒಳಗೆಳೆದುಕೊಂಡಿರಲಿಲ್ಲ.